ಫೋನಿನಲ್ಲಿ ನರ್ಸ್, ಮನೆಯಲ್ಲಿ ಆರೈಕೆ: ವಿಡಿಯೋ ಕರೆಗೆ ಮುನ್ನ ಏನು ಮಾಡಬೇಕು?

ಮುಂಬಯಿ ಮತ್ತು ಸುತ್ತಮುತ್ತಲಿನ ಡೊಂಬಿವಲಿ, ದಹಿಸರ್, ಮಾಟುಂಗಾದ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಈಗ ವಯಸ್ಸಾದ ತಂದೆ ತಾಯಿ ಇಬ್ಬರೇ ಇರುತ್ತಾರೆ. ಬಿಪಿ, ಸಕ್ಕರೆ ಕಾಯಿಲೆಗಳ ನಿಯಮಿತ ತಪಾಸಣೆಗೆಂದು ಪ್ರತಿ ಸಲವೂ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಹೋಗುವ ಬದಲು ನರ್ಸ್ ಅಥವಾ ವೈದ್ಯರನ್ನು ವಿಡಿಯೋ ಕರೆಯಲ್ಲಿ ಕಾಣುವುದು ಇಂಥವರಿಗೆ ನಿಜಕ್ಕೂ ದೊಡ್ಡ ಅನುಕೂಲ. ಆದರೆ ಆ ಕಡೆ ಇರುವವರು ರೋಗಿಯನ್ನು ಮುಟ್ಟಿ ನೋಡಲಾರರು. ಮನೆಯಲ್ಲಿ ತೆಗೆದ ಅಳತೆ ತಪ್ಪಿದರೆ ಅವರ ಸಲಹೆಯೂ ತಪ್ಪುವ ಸಂಭವವಿದೆ.

ಆದ್ದರಿಂದ ಮೊದಲ ಕೆಲಸ, ಬಿಪಿಯನ್ನು ಸರಿಯಾಗಿ ನೋಡುವುದು. ಅದಕ್ಕೆ ಅರ್ಧ ಗಂಟೆ ಮುಂಚಿನಿಂದ ಚಹಾ, ಕಾಫಿ, ತಂಬಾಕು ಬೇಡ. ಮೂತ್ರ ವಿಸರ್ಜನೆ ಮುಗಿಸಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ 5 ನಿಮಿಷ ಸುಮ್ಮನೆ ಕುಳಿತಿರಬೇಕು. ಬಿಪಿ ಯಂತ್ರದ ಪಟ್ಟಿಯನ್ನು ರವಿಕೆ ಅಥವಾ ಅಂಗಿಯ ತೋಳಿನ ಮೇಲೆ ಸುತ್ತದೆ ಬರಿಯ ತೋಳಿಗೇ ಸುತ್ತಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಬೇಕು. ಅಳೆಯುವಾಗ ಮಾತು ಸಲ್ಲದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು, ಎರಡೂ ಸಂಖ್ಯೆಗಳನ್ನು ದಿನಾಂಕ, ಸಮಯದೊಂದಿಗೆ ಬರೆದಿಡಬೇಕು.

ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರಿಗೆ ಉಗುರುಬಣ್ಣವಿಲ್ಲದ, ಬೆಚ್ಚಗಿನ ಬೆರಳು ಬೇಕು. ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡುವ ಮುನ್ನ ಕೈತೊಳೆದು ಒರೆಸಿಕೊಳ್ಳಬೇಕು. ಬೆರಳಿಗೆ ಹಣ್ಣಿನ ರಸ ಅಂಟಿದ್ದರೂ ಸಂಖ್ಯೆ ಏರುತ್ತದೆ.

ಸಕ್ಕರೆ ಕಾಯಿಲೆಯವರ ಪಾದದ ಗಾಯಕ್ಕೆ ಮಾತ್ರ ಹೆಚ್ಚಿನ ನಿಗಾ ಬೇಕು. ಡ್ರೆಸ್ಸಿಂಗ್ ಬಿಚ್ಚಿದಾಗ, ಗಾಯದ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು, ಕಿಟಕಿಯ ಬೆಳಕಿನಲ್ಲಿ, ಪ್ರತಿ ಸಲವೂ ಒಂದೇ ದೂರದಿಂದ ಫೋಟೋ ತೆಗೆಯಬೇಕು. ಗಾಯ ಮಾಯುತ್ತಿದೆಯೋ ಹರಡುತ್ತಿದೆಯೋ ಎಂಬುದನ್ನು ನರ್ಸ್ ಹಳೆಯ ಫೋಟೋಗಳ ಜೊತೆಗಿಟ್ಟು ನೋಡಿಯೇ ತಿಳಿಯಬೇಕಷ್ಟೆ. ವಾಸನೆ ಫೋಟೋದಲ್ಲಿ ಬಾರದ್ದರಿಂದ ಅದನ್ನು ಬಾಯಿಬಿಟ್ಟು ಹೇಳಬೇಕು.

ಗೊತ್ತಿರುವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿಲ್ಲದಿದ್ದರೆ, ಕೇಂದ್ರ ಸರ್ಕಾರದ ಉಚಿತ ಇ-ಸಂಜೀವನಿ ಸೇವೆಯಲ್ಲಿ ಮೊಬೈಲ್ ನಂಬರ್, ಒಟಿಪಿ ಕೊಟ್ಟು ನೋಂದಾಯಿಸಿಕೊಂಡು ವೈದ್ಯರನ್ನು ಕಾಣಬಹುದು. ಮರಾಠಿ, ಹಿಂದಿಯಲ್ಲಿ ನೋವು ವಿವರಿಸಲು ತಡವರಿಸುವ ಹಿರಿಯರ ಪಕ್ಕದಲ್ಲಿ ಆ ಭಾಷೆ ಬಲ್ಲ ಒಬ್ಬರು ಕೂತಿರುವುದು ಒಳ್ಳೆಯದು. ಆದರೆ ಮೊದಲು ರೋಗಿಯೇ ಮಾತಾಡಲಿ; ಮಕ್ಕಳು ನಡುವೆ ಬಾಯಿ ಹಾಕಿದರೆ ಮುಖ್ಯವಾದದ್ದೇ ಉಳಿದುಹೋಗುತ್ತದೆ. ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ.

2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ವೈದ್ಯರು ಕಳುಹಿಸುವ ಔಷಧ ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು. ಮಾದಕ ಔಷಧಗಳನ್ನು ಹೀಗೆ ಬರೆದುಕೊಡುವಂತಿಲ್ಲ.

ಎದೆನೋವು, ಉಸಿರುಕಟ್ಟು, ಮಾತಿನ ತೊದಲು, ಒಂದು ಕಡೆಯ ಕೈಕಾಲು ಸೋಲುವುದು ಇವುಗಳಲ್ಲಿ ಯಾವುದು ಕಂಡರೂ ವಿಡಿಯೋ ಕರೆಗೆ ಕಾಯದೆ 108ಕ್ಕೆ ಫೋನ್ ಮಾಡಿ ಆಂಬ್ಯುಲೆನ್ಸ್ ಕರೆಸಬೇಕು.