1.3 ರಾಕರ್ ಹಾಕಿ ಲಿಫ್ಟ್ ಅಳೆದದ್ದು

ಗಂಗಾವತಿಯ ನನ್ನ ಗ್ಯಾರೇಜಿಗೆ ಹೆಚ್ಚಾಗಿ ಬರುವುದು ಹೋಂಡಾ ಜಿಎಕ್ಸ್ 200 ತರಹದ 196 ಸಿಸಿ ಎಂಜಿನ್‌ಗಳು. ನೀರಿನ ಪಂಪ್, ವೀಡರ್, ಸ್ಪ್ರೇಯರ್ ಎಲ್ಲಕ್ಕೂ ಅವೇ. "ಅಣ್ಣ, 1.3 ರಾಕರ್ ಹಾಕಿದ್ರೆ ಪವರ್ ಜಾಸ್ತಿ ಆಗುತ್ತಂತಲ್ಲ?" ಅಂತ ಹುಡುಗರು ಕೇಳತೊಡಗಿದರು. ಒಂದು ಹಳೇ ಎಂಜಿನ್ ಬಿಚ್ಚಿ ನಾನೇ ಅಳೆದು ನೋಡಿದೆ.

ರಾಕರ್ ಅಂದರೆ ವಾಲ್ವ್ ತೆರೆಯುವ ಸಣ್ಣ ಸನ್ನೆ. ಕ್ಯಾಮ್ ತಳ್ಳುವ ಕಡ್ಡಿ, ಅಂದರೆ ಪುಶ್ ರಾಡ್, ರಾಕರ್‌ನ ಒಂದು ತುದಿಯನ್ನು ಎತ್ತುತ್ತದೆ, ಇನ್ನೊಂದು ತುದಿ ವಾಲ್ವನ್ನು ಒತ್ತುತ್ತದೆ. ಕಂಪನಿ ರಾಕರ್‌ನಲ್ಲಿ ಎರಡೂ ಬದಿಯ ಉದ್ದ ಹೆಚ್ಚುಕಡಿಮೆ ಸಮ. ಪುಶ್ ರಾಡ್ 6 ಮಿಮೀ ಎದ್ದರೆ ವಾಲ್ವ್ ಕೂಡ ಸುಮಾರು ಅಷ್ಟೇ ಇಳಿಯುತ್ತದೆ. 1.3 ರಾಕರ್‌ನಲ್ಲಿ ವಾಲ್ವ್ ಕಡೆಯ ಉದ್ದ 1.3 ಪಟ್ಟು, ಇದೇ ರೇಷಿಯೊ. ಅದನ್ನು ಹಾಕಿದರೆ ವಾಲ್ವ್ ತೆರೆಯುವ ದೂರ, ಅಂದರೆ ಲಿಫ್ಟ್, ಲೆಕ್ಕದಲ್ಲಿ 7.8 ಮಿಮೀ. ಅದರಲ್ಲಿ ಟ್ಯಾಪೆಟ್ ಗ್ಯಾಪ್, ಅಂದರೆ ರಾಕರ್‌ಗೂ ವಾಲ್ವ್ ತುದಿಗೂ ನಡುವೆ ಬಿಡುವ ಸಂದು, ಕಳೆಯಬೇಕು. ತಣ್ಣಗಿರುವ ಎಂಜಿನ್‌ಗೆ ಇನ್‌ಟೇಕ್ 0.15, ಎಕ್ಸಾಸ್ಟ್ 0.20 ಮಿಮೀ.

ಡಬ್ಬಿ ಮೇಲಿನ ನಂಬರನ್ನು ಮಾತ್ರ ನಂಬಬೇಡಿ. ಅಳೆಯುವಷ್ಟು ಹೊತ್ತು ಮೆತ್ತನೆ ವಾಲ್ವ್ ಸ್ಪ್ರಿಂಗ್ ಹಾಕಿ, ಸಣ್ಣ ಚಲನೆ ಅಳೆಯುವ ಡಯಲ್ ಗೇಜನ್ನು ಮೊದಲು ಪುಶ್ ರಾಡ್ ಕಡೆ, ಆಮೇಲೆ ವಾಲ್ವ್ ಕಡೆ ಇಟ್ಟು ಕೈಯಿಂದ ತಿರುಗಿಸಿ. ರಾಕರ್ ವಾಲಿದಂತೆ ವಾಲ್ವ್ ತುದಿಯನ್ನು ಮುಟ್ಟುವ ಜಾಗ ಸರಿಯುತ್ತದೆ, ರೇಷಿಯೊ ಕೂಡ ಬದಲಾಗುತ್ತದೆ. ನನಗೆ ಪೂರ್ತಿ 1.3 ಸಿಗಲೇ ಇಲ್ಲ. ವಾಲ್ವ್ ತುದಿಗೆ ಮಾರ್ಕರ್ ಬಳಿದು ನೋಡಿದೆ. ಉಜ್ಜಿದ ಗುರುತು ಒಂದು ಅಂಚಿಗೆ ಬಿದ್ದಿತ್ತು. ಪುಶ್ ರಾಡ್ ಉದ್ದ ಬದಲಿಸಿದ ಮೇಲೆ ಗುರುತು ನಡುವಿಗೆ ಬಂತು. ಇದನ್ನು ಸರಿಮಾಡದೆ ಬಿಟ್ಟರೆ ವಾಲ್ವ್ ಗೈಡ್, ಅಂದರೆ ವಾಲ್ವ್ ಜಾರುವ ಕೊಳವೆ, ಬೇಗ ಸವೆಯುತ್ತದೆ.

ಆಮೇಲೆ ಮೂರು ಜಾಗ ನೋಡಲೇಬೇಕು. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ಅಂಟಬಾರದು. ಸುರುಳಿಗಳ ನಡುವಿನ ಎಲ್ಲ ಸಂದು ಸೇರಿ ಒಂದೂವರೆ ಮಿಮೀ ಆದರೂ ಉಳಿಸುತ್ತೇನೆ. ಸ್ಪ್ರಿಂಗ್ ಮೇಲಿನ ಬಟ್ಟಲು ಗೈಡ್‌ಗೆ ತಾಗಬಾರದು. ಪಿಸ್ಟನ್ ಮೇಲೆ ಮಕ್ಕಳ ಕ್ಲೇ ಇಟ್ಟು ತಿರುಗಿಸಿ, ವಾಲ್ವ್‌ಗೂ ಪಿಸ್ಟನ್‌ಗೂ ಎಷ್ಟು ಜಾಗ ಉಳಿದಿದೆ ಅಂತ ನೋಡಿ. ರೇಷಿಯೊ ಏರಿದರೆ ವಾಲ್ವ್ ಓಡುವ ವೇಗವೂ ಅಷ್ಟೇ ಏರುತ್ತದೆ. ಹಳೇ ಸ್ಪ್ರಿಂಗ್ ಜಾಸ್ತಿ ಆರ್‌ಪಿಎಂನಲ್ಲಿ ಅದನ್ನು ಹಿಡಿದಿಡಲಾರದು.

ಇಷ್ಟೆಲ್ಲ ಮಾಡಿ ಲಾಭ ಎಲ್ಲಿ? 25 ಮಿಮೀ ವಾಲ್ವ್ ಅಂದುಕೊಳ್ಳಿ. ಅದರ ಕಾಲುಭಾಗ, ಅಂದರೆ 6.25 ಮಿಮೀ ತೆರೆದರೆ ಸುತ್ತಲಿನ ಸಂದು ವಾಲ್ವ್ ತಲೆಯಷ್ಟೇ ವಿಸ್ತಾರವಾಗುತ್ತದೆ. ಅದಕ್ಕಿಂತ ಮೇಲೆ ಪೋರ್ಟ್, ಅಂದರೆ ಗಾಳಿ ಹೋಗುವ ದಾರಿ, ಎಷ್ಟು ಬಿಡುತ್ತದೋ ಅಷ್ಟೇ ಗಾಳಿ. ದೊಡ್ಡ ಲಾಭ ಇರುವುದು ವಾಲ್ವ್ ಬೇಗ ತೆರೆದು ಹೆಚ್ಚು ಹೊತ್ತು ಚೆನ್ನಾಗಿ ತೆರೆದಿರುವುದರಲ್ಲಿ. ಅದೂ ಜಾಸ್ತಿ ಆರ್‌ಪಿಎಂನಲ್ಲೇ ಕಾಣೋದು. ಪಂಪ್ ಎಂಜಿನನ್ನು ವೇಗ ಮಿತಿಯಲ್ಲಿಡುವ ಗವರ್ನರ್ 3600 ಆರ್‌ಪಿಎಂ ಹತ್ತಿರವೇ ಹಿಡಿದುಬಿಡುತ್ತದೆ, ಅಲ್ವಾ?

ಅದಕ್ಕೇ ಪಂಪ್ ತಂದವರಿಗೆ ಕಂಪನಿ ರಾಕರನ್ನೇ ಉಳಿಸಿ, ಗ್ಯಾಪ್ ಸರಿಮಾಡಿ, ಏರ್ ಫಿಲ್ಟರ್ ಬದಲಿಸಿ ಕಳಿಸುತ್ತೇನೆ. ಗೋ-ಕಾರ್ಟ್ ಕಟ್ಟುವ ಕಾಲೇಜು ಹುಡುಗರಿಗೆ ಮಾತ್ರ 1.2 ಹಾಕಿಕೊಡುತ್ತೇನೆ, ಗಟ್ಟಿ ಸ್ಪ್ರಿಂಗ್ ಸಮೇತ.