ರೋಗಿಯ ಪ್ರಜ್ಞಾಮಟ್ಟವನ್ನು ಗ್ಲಾಸ್ಗೋ ಕೋಮಾ ಸ್ಕೇಲ್‌ನಲ್ಲಿ ಅಳೆಯುವ ಕ್ರಮ

‘ರೋಗಿ ಮಂಪರಿನಲ್ಲಿದ್ದಾರೆ’ ಎಂದು ಕೇಸ್ ಶೀಟಿನಲ್ಲಿ ಬರೆದರೆ ಮುಂದಿನ ಪಾಳಿಯವರಿಗೆ ಅದರಿಂದ ತಿಳಿಯುವುದು ಅತ್ಯಲ್ಪ. ಇಂತಹ ಅಸ್ಪಷ್ಟತೆಯನ್ನು ನಿವಾರಿಸಲು ಸ್ಕಾಟ್ಲೆಂಡಿನ ಗ್ಲಾಸ್ಗೋದ ನರಶಸ್ತ್ರಚಿಕಿತ್ಸಕರಾದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ 1974ರಲ್ಲಿ ಪ್ರಕಟಿಸಿದ ಮಾಪಕವೇ ಇಂದು ವಾರ್ಡುಗಳಲ್ಲಿ ಜಿಸಿಎಸ್ ಎಂದು ಬಳಕೆಯಲ್ಲಿದೆ. ಕಣ್ಣಿಗೆ 4, ಮಾತಿಗೆ 5, ಚಲನೆಗೆ 6 ಗರಿಷ್ಠ ಅಂಕಗಳು; ಯಾವ ಪ್ರತಿಕ್ರಿಯೆಯೂ ಇಲ್ಲದಿದ್ದರೆ ಪ್ರತಿಯೊಂದಕ್ಕೂ 1 ಸಿಗುವುದರಿಂದ ಒಟ್ಟು ಅಂಕ 3ಕ್ಕಿಂತ ಕೆಳಗಿಳಿಯುವುದಿಲ್ಲ.

ಉಸಿರಾಟ ಮತ್ತು ರಕ್ತಪರಿಚಲನೆಯನ್ನು ನೋಡಿಕೊಂಡ ನಂತರವೇ ಅಂಕ ನೀಡಲು ತೊಡಗಬೇಕು. ರಕ್ತದ ಸಕ್ಕರೆಯನ್ನೂ ತಡಮಾಡದೆ ಪರೀಕ್ಷಿಸಬೇಕು, ಏಕೆಂದರೆ ಸಕ್ಕರೆ ತೀರಾ ಇಳಿದವರು ತಲೆಗೆ ಪೆಟ್ಟು ಬಿದ್ದವರಂತೆಯೇ ಕಾಣಿಸಬಹುದು. ಕಿವುಡು, ಊದಿಕೊಂಡ ರೆಪ್ಪೆ, ಗಂಟಲಿನ ನಳಿಕೆ, ನಿದ್ರೆ ಬರಿಸುವ ಔಷಧ, ಮದ್ಯ, ಮುರಿದ ಕೈ ಇವುಗಳಲ್ಲಿ ಯಾವುದಾದರೂ ಅಡ್ಡಿಯಾಗುತ್ತಿದೆಯೇ ಎಂಬುದನ್ನು ಮೊದಲೇ ಗುರುತಿಸಿಕೊಳ್ಳಿ.

ರೋಗಿಯನ್ನು ಮುಟ್ಟುವ ಮುನ್ನ ಸುಮ್ಮನೆ ನಿಂತು ಗಮನಿಸಿ. ಕಣ್ಣು ತಾನಾಗಿ ತೆರೆದಿದ್ದರೆ 4, ಕರೆದಾಗ ತೆರೆದರೆ 3, ಬೆರಳ ತುದಿಯನ್ನು ಒತ್ತಿದಾಗ ತೆರೆದರೆ 2. ಒತ್ತಡವನ್ನು ಹತ್ತು ಸೆಕೆಂಡುಗಳವರೆಗೆ ಕ್ರಮೇಣ ಹೆಚ್ಚಿಸಬೇಕು.

ಮಾತಿನ ಪರೀಕ್ಷೆಯಲ್ಲಿ ಹೆಸರು, ಸ್ಥಳ, ತಿಂಗಳು ಕೇಳಲಾಗುತ್ತದೆ. ಮೂರನ್ನೂ ಸರಿಯಾಗಿ ಹೇಳಿದರೆ 5, ಗೊಂದಲದ ಮಾತಾದರೆ 4, ಬಿಡಿ ಪದಗಳಾದರೆ 3, ಬರಿಯ ನರಳಿಕೆಯಾದರೆ 2. ಮನೆಯಲ್ಲಿ ತುಳುವನ್ನೋ ಲಂಬಾಣಿಯನ್ನೋ ಆಡುವವರನ್ನು ಕನ್ನಡದಲ್ಲಿ ಪ್ರಶ್ನಿಸಿ ‘ಗೊಂದಲ’ ಎಂದು ಬರೆಯುವುದು ಅನ್ಯಾಯ. ಮನೆಯವರ ಸಹಾಯ ಪಡೆಯಿರಿ. ಜುಲೈ ಎನ್ನುವ ಬದಲು ಆಷಾಢ ಎಂದ ಅಜ್ಜಿಯ ಉತ್ತರವೂ, ಪಂಚಾಂಗಕ್ಕೆ ಹೊಂದಿದರೆ, ನನ್ನ ಅಭಿಪ್ರಾಯದಲ್ಲಿ ಸರಿಯೇ.

ಮೂರರಲ್ಲಿ ಹೆಚ್ಚು ತಿಳಿಸುವುದೂ, ಹೆಚ್ಚು ತಪ್ಪಾಗುವುದೂ ಚಲನೆಯ ಭಾಗವೇ. ‘ನನ್ನ ಬೆರಳು ಹಿಡಿಯಿರಿ’ ಎಂದಷ್ಟೇ ಹೇಳಿದರೆ ಸಾಲದು, ಏಕೆಂದರೆ ಪ್ರಜ್ಞೆಯಿಲ್ಲದವರ ಅಂಗೈಯೂ ತಾನಾಗಿ ಮುಚ್ಚಿಕೊಳ್ಳಬಹುದು. ಹಿಡಿದು, ನಂತರ ಬಿಡಲೂ ಹೇಳಿ, ಎರಡನ್ನೂ ಮಾಡಿದರೆ ಮಾತ್ರ 6 ಕೊಡಬೇಕು. ಸೂಚನೆಯನ್ನು ಪಾಲಿಸದಿದ್ದರೆ ಕತ್ತು ಮತ್ತು ಭುಜದ ನಡುವಿನ ಸ್ನಾಯುವನ್ನು ಹಿಂಡಿ ನೋಡಬೇಕು. ಕೈ ಕೊರಳೆಲುಬಿನ ಮೇಲಕ್ಕೆ ಬಂದು ನೋವಿನ ಜಾಗವನ್ನು ತಲುಪಿದರೆ 5. ಮೊಣಕೈ ಬೇಗನೆ, ಸಹಜವಾಗಿ ಮಡಚಿದರೆ 4. ತೋಳು ನಿಧಾನವಾಗಿ, ಸೆಟೆದುಕೊಂಡಂತೆ ಎದೆಯ ಅಡ್ಡಕ್ಕೆ ಮಡಚಿದರೆ 3. ಮೊಣಕೈ ನೆಟ್ಟಗೆ ಚಾಚಿಕೊಂಡರೆ 2. ಎರಡು ಕೈಗಳಲ್ಲಿ ವ್ಯತ್ಯಾಸವಿದ್ದರೆ ಉತ್ತಮವಾದ ಬದಿಗೆ ಅಂಕ ನೀಡಿ, ದುರ್ಬಲ ಬದಿಯನ್ನು ಪ್ರತ್ಯೇಕವಾಗಿ ದಾಖಲಿಸಿ. ಎದೆಮೂಳೆಯನ್ನು ಗೆಣ್ಣಿನಿಂದ ಉಜ್ಜುವ ಹಳೆಯ ರೂಢಿಯನ್ನು ಕೈಬಿಡುವುದೇ ಒಳ್ಳೆಯದು. ಚರ್ಮ ಕಂದಿಹೋಗುತ್ತದೆ, ಪ್ರತಿಕ್ರಿಯೆಯನ್ನು ಅರ್ಥೈಸುವುದೂ ಕಷ್ಟ.

ದಾಖಲಿಸುವಾಗ ‘12’ ಎಂದು ಬರೆದು ಬಿಡದೆ, ಇ3 ವಿ4 ಎಂ5 (ಇ ಎಂದರೆ ಕಣ್ಣು, ವಿ ಮಾತು, ಎಂ ಚಲನೆ) ಎಂದು ಬಿಡಿಸಿ ಬರೆಯಿರಿ, ಏಕೆಂದರೆ ಒಂದೇ ಮೊತ್ತದ ಹಿಂದೆ ಬೇರೆ ಬೇರೆ ಸ್ಥಿತಿಗಳು ಅಡಗಿರುತ್ತವೆ. ನಳಿಕೆ ಹಾಕಿರುವವರ ಮಾತಿಗೆ 1 ಎಂದು ಬರೆಯದೆ ‘ಪರೀಕ್ಷಿಸಲಾಗದು’ ಎಂದು ನಮೂದಿಸಿ. ಪಾಪೆಗಳ ಗಾತ್ರವನ್ನೂ ಅವು ಬೆಳಕಿಗೆ ಸ್ಪಂದಿಸುವ ರೀತಿಯನ್ನೂ, ಪರೀಕ್ಷಿಸಿದ ಸಮಯವನ್ನೂ ಜೊತೆಗೆ ಬರೆಯಿರಿ. ಅಂಕ ಇಳಿಯುತ್ತಿದ್ದರೆ, ಅದರಲ್ಲೂ ಚಲನೆಯ ಅಂಕ ಕುಸಿದರೆ, ಮುಂದಿನ ಪರೀಕ್ಷೆಯ ಹೊತ್ತಿಗೆ ಕಾಯದೆ ಡ್ಯೂಟಿ ಡಾಕ್ಟರನ್ನು ಕರೆಯಬೇಕು. ಮೊತ್ತ 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಶ್ವಾಸಮಾರ್ಗದ ರಕ್ಷಣೆಗೆ ಸಿದ್ಧತೆ ಮಾಡಿಕೊಂಡೇ ಕರೆಯಬೇಕು.