ಮೂರನೆಯ ರಿಚರ್ಡ್ ಓದುವಾಗ ಕೈಕೊಟ್ಟಿದ್ದು ಸುಲಭದ ಪದಗಳೇ

ಶೇಕ್ಸ್‌ಪಿಯರ್‌ನ 'ಮೂರನೆಯ ರಿಚರ್ಡ್' ಪಾಠ ಮಾಡಲು ಶುರುಮಾಡಿದ ಮೊದಲ ವಾರವೇ ಕ್ಲಾಸಿನಲ್ಲಿ ಒಂದು ತಪ್ಪು ಅರ್ಥ ಹೇಳಿಬಿಟ್ಟೆ. ನಾಟಕ ಶುರುವಾಗುವುದೇ ಮುಂದೆ ಇಂಗ್ಲೆಂಡಿನ ರಾಜನಾಗುವ ರಿಚರ್ಡ್‌ನ ಮಾತಿನಿಂದ. ತಾನೆಷ್ಟು ಕುರೂಪಿ ಎಂದು ಹೇಳಿಕೊಳ್ಳುತ್ತಾ, ನಾನು ಪಕ್ಕದಲ್ಲಿ 'ಹಾಲ್ಟ್' ಮಾಡಿದರೆ ನಾಯಿಗಳೂ ಬೊಗಳುತ್ತವೆ ಅನ್ನುತ್ತಾನೆ. ಹಾಲ್ಟ್ ಅಂದರೆ ನಿಲ್ಲೋದು, ನಮ್ಮೂರ ನೈಟ್ ಹಾಲ್ಟ್ ಬಸ್ ಇದೆಯಲ್ಲ ಹಾಗೆ, ಅಂತ ಧೈರ್ಯವಾಗಿ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ, "ಸರ್, ಸುಮ್ನೆ ನಿಂತವನನ್ನ ನೋಡಿ ನಾಯಿ ಯಾಕೆ ಬೊಗಳುತ್ತೆ?" ಅಂದಳು. ಉತ್ತರ ಇರಲಿಲ್ಲ. ಮನೆಗೆ ಬಂದು ನೋಡಿದರೆ ಆಗಿನ ಇಂಗ್ಲಿಷಿನಲ್ಲಿ ಹಾಲ್ಟ್ ಅಂದರೆ ಕುಂಟುವುದು.

ಅಲ್ಲಿಯವರೆಗೆ ನನ್ನ ಓದಿನ ಕ್ರಮವೇ ಬೇರೆ ಇತ್ತು. ಗೊತ್ತಿಲ್ಲದ ಪದ ಬಂದರೆ ಅಡಿಗೆರೆ, ನಿಘಂಟು, ಅಂಚಿನಲ್ಲಿ ಕನ್ನಡದ ಅರ್ಥ. ಒಂದು ಸಂಜೆಗೆ ನಲವತ್ತು ಸಾಲು ದಾಟುತ್ತಿರಲಿಲ್ಲ. ಹ್ಯಾಮ್ಲೆಟ್ ಬಿಟ್ಟರೆ ಶೇಕ್ಸ್‌ಪಿಯರ್‌ನ ನಾಟಕಗಳಲ್ಲಿ ಇದೇ ಉದ್ದ, ಈ ಲೆಕ್ಕದಲ್ಲಿ ಮುಗಿಯುವ ಮಾತೇ ಅಲ್ಲ. ಆ ಹುಡುಗಿಯ ಪ್ರಶ್ನೆ ಆದಮೇಲೆ ಕ್ರಮವನ್ನೇ ತಿರುವಿ ಹಾಕಿದೆ. ಕಷ್ಟದ ಪದವನ್ನು ಬಿಟ್ಟು ಮುಂದೆ ಹೋಗುವುದು. ಗೊತ್ತಿರುವ ಪದ ಎಲ್ಲಿ ಸಾಲಿಗೆ ಸರಿಯಾಗಿ ಕೂರುವುದಿಲ್ಲವೋ ಅಲ್ಲಿ ನಿಲ್ಲುವುದು. ಕಷ್ಟದ ಪದ ತಾನು ಕಷ್ಟ ಅಂತ ಮೊದಲೇ ಹೇಳುತ್ತದೆ, ಸುಲಭದ್ದು ಹಾಗಲ್ಲ. 'ಪ್ರೆಸೆಂಟ್ಲಿ' ಅಂದರೆ ಅಲ್ಲಿ 'ಈ ಕೂಡಲೇ', 'ಸ್ಟಿಲ್' ಅಂದರೆ ಎಷ್ಟೋ ಕಡೆ 'ಯಾವಾಗಲೂ', 'ಕಸಿನ್' ಅಂದರೆ ಯಾವ ನೆಂಟನೂ ಆಗಬಹುದು. ನಮ್ಮಲ್ಲೂ ಇದು ಇದೆಯಲ್ವಾ, ಹಳಗನ್ನಡದ 'ಕೂಳ್' ಬರೀ ಅನ್ನ, ಈಗ 'ಕೂಳು' ಅಂದರೆ ಬೈಗುಳದ ಹಾಗೆ ಕೇಳಿಸುತ್ತದೆ.

ಎಲ್ಲರಿಗೂ ಬಾಯಿಪಾಠ ಇರುವ ಮೊದಲ ಸಾಲಿನಲ್ಲೇ ನಾನು ಎಡವಿದ್ದೆ. ನೌ ಈಸ್ ದ ವಿಂಟರ್ ಆಫ್ ಅವರ್ ಡಿಸ್ಕಂಟೆಂಟ್. ಈಗ ಚಳಿಗಾಲ, ಕಷ್ಟಕಾಲ ಅಂತ ವರ್ಷಗಟ್ಟಲೆ ಅಂದುಕೊಂಡಿದ್ದೆ. ವಾಕ್ಯ ಅಲ್ಲಿಗೆ ಮುಗಿಯುವುದೇ ಇಲ್ಲ. ಮುಂದಿನ ಸಾಲು ಸೇರಿಸಿ ಓದಿದರೆ ಆ ಚಳಿಗಾಲ ಈಗ ಬೇಸಿಗೆಯಾಗಿದೆ ಅನ್ನುವುದು ಅರ್ಥ, ಅಂದರೆ ತಿರುಗುಮುರುಗು! ಬೇಸಿಗೆ ಮಾಡಿದ್ದು ಯಾರ್ಕ್‌ನ 'ಸನ್'. ಕಿವಿಗೆ ಅದು ಸೂರ್ಯನೂ ಹೌದು, ಮಗನೂ ಹೌದು. ಯಾರ್ಕ್ ಮನೆತನದ ಮಗ, ರಿಚರ್ಡ್‌ನ ಅಣ್ಣ, ಆಗಿನ ರಾಜ ನಾಲ್ಕನೆಯ ಎಡ್ವರ್ಡ್‌ನ ಲಾಂಛನವೇ ಸೂರ್ಯ. ಆಮೇಲಿಂದ ಪ್ರತಿ ದೃಶ್ಯವನ್ನೂ ಒಮ್ಮೆ ಜೋರಾಗಿ ಓದುತ್ತೇನೆ, ಮನೆಯವರು ನಕ್ಕರೂ ಪರವಾಗಿಲ್ಲ.

ಪ್ರಾಣಿಗಳಿಗೆ ಬೇರೆಯೇ ಪುಟ ಇಟ್ಟೆ, ಅದು ಬೇಗ ತುಂಬಿತು. ರಿಚರ್ಡ್‌ನ ಲಾಂಛನ ಬಿಳಿ ಕಾಡುಹಂದಿ. ಇದು ಗೊತ್ತಿಲ್ಲದಿದ್ದರೆ, ಸ್ಟಾನ್ಲಿ ಎಂಬ ಸರದಾರ ಕನಸಿನಲ್ಲಿ ಹಂದಿ ಕಂಡು ಹೆದರಿದ ಅಂದಾಗ ಇದೇನಪ್ಪಾ ಅನಿಸುತ್ತದೆ. ಹಳೇ ರಾಣಿ ಮಾರ್ಗರೆಟ್ ರಿಚರ್ಡ್‌ನನ್ನು 'ರೂಟಿಂಗ್ ಹಾಗ್' ಅನ್ನುತ್ತಾಳೆ, ಬೇರಿಗೂ ಇದಕ್ಕೂ ಏನು ಸಂಬಂಧ ಅಂತ ತಲೆ ಕೆಡಿಸಿಕೊಂಡಿದ್ದೆ. ಮೂತಿಯಿಂದ ನೆಲ ಕೆದಕುವ ಹಂದಿ, ಅಷ್ಟೇ. ರಿಚರ್ಡ್‌ನ ಇನ್ನೊಬ್ಬ ಅಣ್ಣ ಕ್ಲಾರೆನ್ಸ್‌ನನ್ನು ಲಂಡನ್ನಿನ ಟವರ್ ಸೆರೆಮನೆಯಲ್ಲಿ 'ಮ್ಯೂಡ್ ಅಪ್' ಮಾಡುತ್ತಾರೆ. ಬೇಟೆಯ ಗಿಡುಗ ಗರಿ ಉದುರಿಸುವಾಗ ಅದನ್ನು ಕೂಡಿಹಾಕುವ ಗೂಡಿನ ಹೆಸರು ಮ್ಯೂ. ಅದು ಗೊತ್ತಾದ ಮೇಲೆಯೇ ಸರದಾರ ಹೇಸ್ಟಿಂಗ್ಸ್‌ನ ಮಾತು ತಲೆಗೆ ಹತ್ತಿದ್ದು. ಹದ್ದುಗಳನ್ನು ಗೂಡಿಗೆ ಹಾಕಿ ಕೈಲಾಗದ ಹಕ್ಕಿಗಳನ್ನು ಬೇಟೆಗೆ ಬಿಟ್ಟಿದ್ದಾರೆ ಅಂತ ಅವನು ಹೊಟ್ಟೆ ಉರಿಸಿಕೊಳ್ಳುತ್ತಾನೆ.

ನಮಗೆ ಒಂದು ಕಡೆ ಮಾತ್ರ ಲಾಭ ಇದೆ. ಆಗಿನ ಇಂಗ್ಲಿಷಿನ 'ದೌ' ಮತ್ತು 'ಯೂ' ಹೆಚ್ಚುಕಡಿಮೆ ನಮ್ಮ ನೀನು, ನೀವು. ತನ್ನ ಗಂಡನನ್ನೂ ಮಾವನನ್ನೂ ಕೊಂದ ರಿಚರ್ಡ್ ಎದುರು ಬಂದಾಗ ಆನ್ ಅವನನ್ನು ಹೆಚ್ಚುಕಡಿಮೆ ಪೂರ್ತಿ ಏಕವಚನದಲ್ಲೇ ಬೈಯುತ್ತಾಳೆ, ಮುಖಕ್ಕೆ ಉಗಿಯುತ್ತಾಳೆ. ಅವನು ಕತ್ತಿಯನ್ನು ಅವಳ ಕೈಗೇ ಕೊಟ್ಟು ಎದೆ ತೆರೆದು ಕೂರುತ್ತಾನೆ. ಅವಳು ಚುಚ್ಚುವುದಿಲ್ಲ. 'ಥೈ ಹಾರ್ಟ್', ನಿನ್ನ ಮನಸ್ಸು ಗೊತ್ತಿದ್ದರೆ ಚೆನ್ನಾಗಿತ್ತು ಅನ್ನುತ್ತಾಳೆ. ಅದಾದ ನಾಲ್ಕನೇ ಮಾತಿಗೆ 'ಯುವರ್ ಸೋರ್ಡ್', ನಿಮ್ಮ ಕತ್ತಿ ಒಳಗಿಡಿ. ಸೋತಿದ್ದು ಅಲ್ಲೇ! ಬರೀ ಇಂಗ್ಲಿಷಿನಲ್ಲಿ ಓದಿದಾಗ ಇದು ಕಣ್ಣಿಗೇ ಬಿದ್ದಿರಲಿಲ್ಲ, ಅಂಚಿನಲ್ಲಿ ಕನ್ನಡ ಬರೆಯುತ್ತಾ ಹೋದಾಗ ಕೈಯೇ 'ನಿಮ್ಮ' ಅಂತ ಬರೆದು ನಿಂತಿತು. ಕ್ಲಾಸಿನಲ್ಲಿ ಈ ದೃಶ್ಯ ವಿವರಿಸಲು ನಾನು ಜಾಸ್ತಿ ಮಾತಾಡಬೇಕಾಗಲಿಲ್ಲ.

ಹೆಸರುಗಳ ಗೋಜಲಿಗೆ ನಿಘಂಟು ಆಗಿಬರುವುದಿಲ್ಲ. ಎಡ್ವರ್ಡ್‌ಗಳೇ ಎಷ್ಟೊಂದು, ರಿಚರ್ಡ್‌ಗಳೂ ಒಬ್ಬಿಬ್ಬರಲ್ಲ. ವಂಶವೃಕ್ಷ ಬರೆದು ಗೋಡೆಗೆ ಅಂಟಿಸಿ.

ಮೂರನೇ ಅಂಕದಲ್ಲಿ ರಿಚರ್ಡ್ ತಾನೇ ಒಪ್ಪಿಕೊಳ್ಳುತ್ತಾನೆ, ಹಳೇ ನಾಟಕದಲ್ಲಿ ಕೆಟ್ಟತನವೇ ವೇಷ ಹಾಕಿ ಬರುವ 'ವೈಸ್' ಪಾತ್ರದ ಹಾಗೆ ಒಂದೇ ಪದದಲ್ಲಿ ಎರಡು ಅರ್ಥ ಆಡಿಸುತ್ತೇನೆ ಅಂತ. ಎಳೆಯ ರಾಜಕುಮಾರನ ಪಕ್ಕದಲ್ಲೇ ನಿಂತು, ಇಷ್ಟು ಚಿಕ್ಕವನಿಗೆ ಇಷ್ಟು ಬುದ್ಧಿ ಇದ್ದರೆ ಜಾಸ್ತಿ ದಿನ ಬದುಕಲ್ಲ ಅಂತ ಗೊಣಗುತ್ತಾನೆ. ಏನಂದಿರಿ ಚಿಕ್ಕಪ್ಪ ಅಂದರೆ, 'ಕ್ಯಾರೆಕ್ಟರ್ಸ್' ಇಲ್ಲದಿದ್ದರೂ ಕೀರ್ತಿ ಬಹಳ ದಿನ ಬದುಕುತ್ತದೆ ಅಂದೆ ಅನ್ನುತ್ತಾನೆ. ಇಲ್ಲಿ ಅದು ಗುಣ, ನಡತೆ ಅಲ್ಲ, ಬರೆದ ಅಕ್ಷರ.

ಈಗ ಕೊನೆಯ ಅಂಕದಲ್ಲಿದ್ದೇವೆ. ಬೋಸ್ವರ್ತ್ ಯುದ್ಧ, 1485. ಬಾಳನ್ನು ಒಂದು 'ಕಾಸ್ಟ್' ಮೇಲೆ ಇಟ್ಟಿದ್ದೇನೆ, 'ಡೈ' ಹೇಗೆ ಬಿದ್ದರೂ ಸರಿ ಅನ್ನುತ್ತಾನೆ ರಿಚರ್ಡ್. ಹುಡುಗರು ಡೈ ಅಂದರೆ ಸಾವು ಅಂದರು. ಕಾಸ್ಟ್ ಅಂದರೆ ಗರ, ಡೈ ಅಂದರೆ ದಾಳ, ಪಗಡೆ ನೆನಪಿಸಿಕೊಳ್ಳಿ ಅಂದೆ. ಒಂದು ಕುದುರೆ ಕೊಟ್ಟರೆ ರಾಜ್ಯವನ್ನೇ ಕೊಡುತ್ತೇನೆ ಅಂತ ಅವನು ಕೂಗುವುದು ಓಡಿಹೋಗಲು ಅಲ್ಲ ಅನ್ನುವುದೂ ಅಲ್ಲೇ ಬಿಡಿಸಿಕೊಂಡಿತು, ಹಿಂದೆ ಸರಿಯಿರಿ ಅಂದ ತನ್ನ ಕಡೆಯ ಕೇಟ್ಸ್‌ಬಿಗೆ ಅವನು ಬೈದಿರುತ್ತಾನೆ. ದಾಳದ ಮಾತಿನ ಮುಂದಿನ ಸಾಲಿನಲ್ಲೇ, ರಣರಂಗದಲ್ಲಿ ಎದುರಾಳಿ ರಿಚ್ಮಂಡ್ ಒಬ್ಬನಲ್ಲ, ಆರು ರಿಚ್ಮಂಡ್‌ಗಳಿದ್ದಾರೆ, ಐವರನ್ನು ಕೊಂದೆ ಅನ್ನುತ್ತಾನೆ. ದಾಳಕ್ಕೂ ಆರೇ ಮುಖ. ಶೇಕ್ಸ್‌ಪಿಯರ್ ಬೇಕಂತಲೇ ಇಟ್ಟನೋ, ಇಷ್ಟು ದಿನ ಪದ ಕೆದಕಿ ನನಗೇ ಹಾಗೆ ಕಾಣುತ್ತಿದೆಯೋ? ಸೋಮವಾರ ಹಿಂದಿನ ಬೆಂಚಿನ ಆ ಹುಡುಗಿಯನ್ನೇ ಕೇಳಬೇಕು.